ಕರಡು

ಪೋರ್ಟ್ ಸಯೀದ್. ಮಾರ್ಚಿಯ ಗಾಳಿ
ಕಾಲುವೆಯ ಡೀಸೆಲ್ ವಾಸನೆ ಹೊತ್ತು
ಅಡುಗೆಮನೆಯ ಕಿಟಕಿಗೆ ಬಂದಿದೆ.
ಮೇಜಿನ ಮೇಲೆ ಆಸ್ಪತ್ರೆಯ ಕರಪತ್ರ,
ನಾಳೆ ಹತ್ತರೊಳಗೆ ಅರಬ್ಬಿಗೆ ಇಳಿಸಿ ಕೊಡಬೇಕು.
ಮೊದಲ ಸಾಲಿಗೇ ಅಡ್ಡ ಕಾಲು ಚಾಚಿ ಕೂತಿದೆ
ಇಂಗ್ಲಿಷಿನ ಒಂದು ಪದ: ಕಾಂಟಿನೆನ್ಸ್.

ನಿಘಂಟು ಹೇಳುತ್ತದೆ:
ಇಂದ್ರಿಯಗಳ ಮೇಲಿನ ಅಂಕೆ.
ಆಮೇಲೆ, ಹಾಸಿಗೆಯ ವಿಷಯದಲ್ಲಿ ವಿರತಿ.
ಕೊನೆಗೆ ಸಣ್ಣಕ್ಷರದಲ್ಲಿ, ನಾಚಿಕೊಂಡಂತೆ,
ಒಂದಕ್ಕೆ ಎರಡಕ್ಕೆ ತಡೆದುಕೊಳ್ಳುವ ಶಕ್ತಿ.
ಸಂತನನ್ನೂ ಕೂಸನ್ನೂ
ಒಂದೇ ಬೆಂಚಿನಲ್ಲಿ ಕೂರಿಸಿದ ಭಾಷೆ!

ನಮ್ಮಲ್ಲಿ ಹಾಗಲ್ಲ.
ಇಫ್ಫಾ ಎಂದರೆ ಶೀಲ,
ಅದು ಹೆಣ್ಣು ನೋಡಲು ಬಂದವರ ಮುಂದೆ ಆಡುವ ಮಾತು,
ಮೂತ್ರದ ವಾರ್ಡಿಗೆ ಒಯ್ಯುವಂಥದಲ್ಲ.
ಕಝ್ಮ್ ಎಂದರೆ ಉಕ್ಕಿದ ಸಿಟ್ಟು ನುಂಗುವುದು,
ಮೂಲದಲ್ಲಿ, ತುಂಬಿದ ತೊಗಲಚೀಲದ ಬಾಯಿ ಬಿಗಿಯುವುದು.
ಹತ್ತಿರ ಬಂತು. ಆದರೆ ಯಾವ ನರ್ಸು ಹೀಗೆ ಮಾತಾಡುತ್ತಾಳೆ?

ಉಳಿದದ್ದು, ಬರೆದರೆ ದಬ್ತ್, ಬೀದಿಯಲ್ಲಿ ಜಬ್ತ್.
ಪೊಲೀಸರು ಕಳ್ಳಮಾಲು ಜಪ್ತಿ ಮಾಡುವುದು ಅದೇ,
ಗಡಿಯಾರದ ಮುಳ್ಳು ಸರಿಗೊಳಿಸುವುದು ಅದೇ,
ಸಕ್ಕರೆ ಹದವಾಗಿ ಬಿದ್ದ ಕಾಫಿ ಮಜ್ಬೂತ್,
ಮತ್ತು ಅಕ್ಷರದ ನೆತ್ತಿಗೆ, ಪಾದಕ್ಕೆ
ಸ್ವರದ ಗೆರೆ ಎಳೆದು
ಓದು ದಾರಿ ತಪ್ಪದಂತೆ ಕಟ್ಟುವುದೂ ಅದೇ.

ಅದು ಅಪ್ಪನ ಕಸುಬು.
ನಲವತ್ತೊಂದು ವರ್ಷ ಹಸಿರು ಶಾಯಿಯಲ್ಲಿ
ಕರಡು ತಿದ್ದಿದ ಉಸ್ತಾದ್ ವಗೀಹ್,
ನಾಲ್ಕು ಗ್ಲಾಸು ಚಹಾ ಇಳಿಸಿಯೂ
ಹದಿನಾರು ಪುಟ ಮುಗಿಯುವ ತನಕ
ಕುರ್ಚಿ ಬಿಟ್ಟು ಏಳದವರು.
‘ಒಂದು ಸ್ವರ ಜಾರಿದರೆ ಅರ್ಥ ಬೀದಿಪಾಲು’ ಎನ್ನುವರು.
ಅಮ್ಮ ಹೋದ ದಿನ ಅಳಲಿಲ್ಲ.
ಶೋಕಪತ್ರದಲ್ಲಿ ಅವಳ ಹೆಸರಿಗೆ ಒತ್ತು ಬಿಟ್ಟುಹೋಗಿದೆಯೆಂದು
ಹುಡುಗನನ್ನು ಪ್ರೆಸ್ಸಿಗೆ ವಾಪಸು ಅಟ್ಟಿದರು.

ಲಕ್ವ ಹೊಡೆದು ಏಳು ತಿಂಗಳು.
ವೈದ್ಯರ ಚೀಟಿಯಲ್ಲಿ: ಸಲಸ್.
ಸಲೀಸಾಗಿ ಹರಿಯುವುದು ಎಂದಷ್ಟೇ.
ನಿರರ್ಗಳ ಮಾತಿಗೆ, ತಡವರಿಸದ ಕವಿಗೆ
ನಾವು ಕೊಡುವ ಹೊಗಳಿಕೆ
ಒದ್ದೆ ಹಾಸಿಗೆಗೂ ಅದೇ ಬೇರಿನಿಂದ ಬಂದಿದೆ.

ಸುಳ್ಳಲ್ಲ. ಮಾತೂ ಹರಿಯುತ್ತಿದೆ.
ರಾತ್ರಿ ಮೂರಕ್ಕೆ ಚಾದರ ಬದಲಿಸುವಾಗ
ಬಾಯಿ ಕಟ್ಟಿದ ಚೀಲ ಎಲ್ಲೋ ಬಿಚ್ಚಿಕೊಂಡಂತೆ,
ಪೋರ್ಟ್ ಫುವಾದ್‌ಗೆ ಹೋಗುವ ದೋಣಿ,
ರೊಟ್ಟಿ ಅಂಗಡಿಯ ಗ್ರೀಕನ ಮಗಳು ದೆಸ್ಪಿನಾ,
ಅವಳ ಮೊಣಕೈಗೆ ಅಂಟಿದ್ದ ಹಿಟ್ಟು,
ಒರೆಸಲು ಎತ್ತಿದ ಕೈಯನ್ನು
ಜೇಬಿಗೆ ಹಾಕಿಕೊಂಡದ್ದು.
‘ಅರುವತ್ತು ವರ್ಷವಾಯಿತು ಸುಹೈರ್,
ಕೈ ಇನ್ನೂ ಜೇಬಲ್ಲೇ ಇದೆ.’
ಹೇಳಿ, ತಟ್ಟನೆ ನಿಂತು,
‘ಒದ್ದೆ ಮಾಡಿದೆನಾ?’

ಇಲ್ಲಪ್ಪ, ನಾನೇ ನೀರು ಚೆಲ್ಲಿದೆ ಅಂದೆ.
ಗಂಟಲಲ್ಲಿ ಬಂದದ್ದನ್ನು ಗಂಟಲಲ್ಲೇ ಕಟ್ಟಿದೆ.
ಇದಕ್ಕೆ ನಿಘಂಟಿನಲ್ಲಿ ಎಷ್ಟನೆಯ ಅರ್ಥವೋ.

ಬೆಳಿಗ್ಗೆ ಕರಡು ತೋರಿಸಿದೆ, ಹಳೆಯ ರೂಢಿ.
ಶೀರ್ಷಿಕೆ: ದಬ್ತ್ ಅಲ್-ನಫ್ಸ್,
ತನ್ನ ಮೇಲೆ ತನ್ನ ಹಿಡಿತ.
ಸ್ವರ ಹಾಕಿರಲಿಲ್ಲ. ಈಗ ಯಾರು ಹಾಕುತ್ತಾರೆ?
ಎಡಗೈ. ಹಸಿರು ಪೆನ್ನು.
ಕಡ್ಡಿ ಗೀರಲು ಬಾರದ ಕೂಸಿನ ಹಾಗೆ ನಡುಗಿ
ನಡುವಿನ ಅಕ್ಷರದ ನೆತ್ತಿಗೆ ಒಂದು ಗೆರೆ ಎಳೆದರು.
ನಫ್ಸ್ ಹೋಯಿತು, ನಫಸ್ ಆಯಿತು.
ತಾನು ಹೋಗಿ ಉಸಿರು.

ತಪ್ಪೋ, ತಿದ್ದುಪಡಿಯೋ?
ಕೇಳೋಣವೆಂದರೆ ನಿದ್ದೆ ಹೋಗಿದ್ದಾರೆ,
ಬಾಯಿ ತೆರೆದು, ಸಲೀಸಾಗಿ.
ರಬ್ಬರು ನನ್ನ ಕೈಯಲ್ಲಿದೆ.
ದೋಣಿ ಕೂಗುತ್ತಿದೆ. ಒಂಬತ್ತೂವರೆ.