ಲಾಭ, ಎರಡು, ಮೂರು

ನಲವತ್ತೊಂದು ವರ್ಷ ಗಂಜಿನಾಗ ತೂಕ ಮಾಡೀನಿ.
ತೊಗರಿ, ಕಡಲಿ, ಹೆಸರು.
ಕಾಂಟಾದ ಮುಳ್ಳು ನಡುವ ನಿಂತ ಮ್ಯಾಲೇ
ಹಮಾಲರು ಚೀಲದ ಬಾಯಿ ಹೊಲೀತಿದ್ರು.
ಮೊದಲಿಗಿ ಒಂದು ಅನ್ನಬಾರದು, ಲಾಭ ಅನ್ನಬೇಕು.
ಮಧ್ಯಾಹ್ನ ಬುತ್ತಿ ತರೂ ಗುರಬಾಯಿ ಹಿಂದ
ಜಗದೇವಿ ಬಂದು ಚೀಲ ಎಣಸ್ತಿದ್ಳು:
ಲಾಭ, ಎರಡು, ಮೂರು, ಲಾಭ.
ಮೂರರ ಆಚಿಗಿ ಅಕಿಗಿ ಊರಿಲ್ಲ.
ಈಗ ಮೂವತ್ತಾರು ಅಕಿಗಿ. ಗುರಬಾಯಿ ಇಲ್ಲ.

ಕಚೇರಿ ಮುಂದ, ಬೇವಿನ ಬುಡಕ
ದಸ್ತಗೀರಸಾಬ ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಇಟ್ಟಾನ.
‘ಬರಿ ಸಾಬ’ ಅಂದೆ, ‘ಮೃತ್ಯುಪತ್ರ.’
‘ಆಸ್ತಿ ಹೇಳ್ರಿ.’
ಶಹಾಬಜಾರದಾಗ ಎರಡು ಖೋಲಿ, ಮ್ಯಾಲ ಫರಸಿ ಹೊದಿಕಿ,
ಒಂದು ಕಲ್ಲು ಸೀಳ್ಯಾದ, ಅದನ್ನೂ ಬರಿ.
ಗುರಬಾಯಿದು ಮೂರು ತೊಲಿ.
ಮಿಲ್ಲಿನ ಪಿ.ಎಫ್., ಪೋಸ್ಟಿನಾಗ ಇಟ್ಟದ್ದು.
‘ಮಕ್ಕಳು?’
ಇಬ್ಬರು.
‘ಸಮ ಪಾಲಾ?’

ಜಲ್ಮೆಲ್ಲಾ ಮುಳ್ಳು ನಡುವ ನಿಲ್ಲಿಸಿದ ಕೈ
ತಡೀತು.
ಸಮ ಅಂದ್ರ ಮಲ್ಕಣ್ಣಗ ಒಂದು ಖೋಲಿ, ಅಕಿಗೊಂದು.
ಯಾವನರ ಒಬ್ಬ ಪೇಢೆ ಕೊಟ್ಟು
ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರ?
ಅಕಿ ನಕ್ಕೋತ ಎರಡೂ ಕೈದು ಕೊಡ್ತಾಳ.
ಎಲ್ಲಾ ಮಲ್ಕಣ್ಣಗೇ ಅಂದ್ರ?
ಅಂವ ಛಲೋ ಮಗ, ಸೇಡಂ ಡಿಪೋದಾಗ ಕಂಡಕ್ಟರ್.
ಛಲೋ ಮಕ್ಕಳಿಗೂ ಸಾಲ ಆಗ್ತಾವ, ಸಾವು ಬರ್ತದ.

ದಸ್ತಗೀರಸಾಬ ಕನ್ನಡಕ ತೆಗೆದ.
‘ನನ್ನ ತಮ್ಮಂದೂ ಹಿಂಗೇ ಇತ್ತು ಕಾಕಾ.
ಅಬ್ಬಾ ಏನೂ ಬರೀಲಿಲ್ಲ.’
ಮುಂದ ಹೇಳಲಿಲ್ಲ. ನಾ ಕೇಳಲಿಲ್ಲ.
ಚಹಾ ತರಿಸಿ ಬಿಡಿಸಿ ತಿಳಿಸ್ದ:
ಮನಿ ಟ್ರಸ್ಟಿಗಿ. ಇರೂ ಹಕ್ಕು ಅಕಿಗಿ.
ಅಕಿ ಇರೋತನಕ ಮಾರೂ ಹಕ್ಕು ಯಾರಿಗೂ ಇಲ್ಲ.
ಪಾಲಕರ ಕಾಗದ ಬೇರೆ, ಡಿ.ಸಿ. ಆಫೀಸಿಗಿ ಅಡ್ಡಾಡಬೇಕು.
ಪಾಸ್‌ಬುಕ್ಕು ನೋಡಲಿಕ್ಕ ಮನಿ ಹೊರಗಿನವ ಒಬ್ಬ ಇರಲಿ,
ಒಳಗಿನವರ ಮ್ಯಾಲ ಸಂಶಯಕ್ಕಲ್ಲ, ಅವರ ಹೆಗಲಿಗಿ.
ಟ್ರಸ್ಟ್ ಅಂದ್ರ ಕಾಲೇಜು ಕಟ್ಟೂ ದೊಡ್ಡವರದು ಅಂತ ತಿಳ್ಕೊಂಡಿದ್ದೆ.
ಎರಡು ಖೋಲಿಗೂ ಆಗ್ತದಂತ.

ರಾತ್ರಿ ರೊಟ್ಟಿ ಬಡಕೋತ ಭಾಗ್ಯವಂತಿ ಕೇಳಿದ್ಳು:
‘ನಿಮ್ಮ ನಂತರ ನಾವು. ನಮ್ಮ ನಂತರ?
ನನ್ನ ಮಗಳ ಹೆಸರು ಈಗೇ ಬರಸಬ್ಯಾಡ್ರಿ ಮಾವಾ,
ಇನ್ನ ಎರಡನೇ ಕ್ಲಾಸ್ ಅದ ಕೂಸು.’
ಮಲ್ಕಣ್ಣ ಗಂಗಾಳ ಸರಿಸಿ ಎದ್ದ.
ನನಗ ಸಿಟ್ಟು ಬಂತು. ಆಮ್ಯಾಲ ನಾಚಿಕಿ ಬಂತು.
ಮೂವತ್ತಾರು ವರ್ಷ ನಾ ಬಾಯಿ ಬಿಟ್ಟು ಕೇಳದ ಮಾತು
ಒಂದು ರೊಟ್ಟಿ ಸುಡೂದ್ರೊಳಗ ಕೇಳಿದ್ಳು.
ಕೂಸಿನ ಹೆಸರು ಬರಸಲಿಲ್ಲ.
ಆ ಸಾಲು ಖಾಲಿ ಅದ.

ಒಂದಿಷ್ಟು ಮಾತು ಬಾಂಡಿನಾಗ ಹಿಡಿಯೂದಿಲ್ಲ ಅಂದ ಸಾಬ,
‘ಬೇರೆ ವಹಿಯಾಗ ಬರದಿಡ್ರಿ. ಕೋರ್ಟಿಗಲ್ಲ, ಮನಿಗಿ.’
ಮಿಲ್ಲಿನ ಹಳೀ ಕೆಂಪು ವಹಿ ಇತ್ತು.
ಜಮಾ ಕಡಿ ಬರದೆ, ಖರ್ಚಿನ ಕಡಿ ಹಂಗೇ ಬಿಟ್ಟೆ.

ಫಿಟ್ಸಿನ ಗುಳಿಗಿ ರಾತ್ರಿ ಎಂಟಕ್ಕ, ಬೆಲ್ಲದ ಜೋಡಿ.
ಮಿಕ್ಸರ್ ಹಚ್ಚೂ ಮುಂದ ಹೇಳ್ರಿ, ಇಲ್ಲಂದ್ರ ಕಿವಿ ಮುಚ್ಚಿ ಅಳ್ತಾಳ.
ಜಳಕಕ್ಕ ಹೆಣ್ಣುಮಗಳೇ ಬೇಕು.
ಅವ್ವ ಎಲ್ಲಿ ಅಂದ್ರ ಘತ್ತರಗಿಗಿ ಹೋಗ್ಯಾಳ ಅನಬ್ಯಾಡ್ರಿ,
ಬಾಗಿಲದಾಗ ಕುಂತು ಬಿಡ್ತಾಳ.
ಸತ್ತಾಳ ಅನ್ರಿ. ತಿಳೀತದ.
ಚಹಾಕ್ಕ ಸಕ್ಕರಿ ಎರಡು ಚಮಚ.

ರಜಿಸ್ಟ್ರಿ ದಿನ ಜೋಡಿ ಬಂದಿದ್ಳು.
ನಾ ಸಹಿ ಮಾಡೂತನಕ ಕಚೇರಿ ಮೆಟ್ಟಲಾ ಎಣಸಿದ್ಳು,
ಲಾಭ, ಎರಡು, ಮೂರು, ಲಾಭ.
ಹದಿನಾಲ್ಕು ಮೆಟ್ಟಲಿನಾಗ ಐದು ಲಾಭ.

ಎಂಟು ದಿನ ಬಿಟ್ಟು ವಹಿ ತೆಗೆದ್ರ
ಖರ್ಚಿನ ಕಡಿ ಪೆನ್ಸಿಲ್ಲಿಲೆ ಭಾಗ್ಯವಂತಿ ಅಕ್ಷರ:

‘ಸಕ್ಕರಿ ಎರಡಲ್ಲ, ಒಂದೇ ಚಮಚ.
ಇನ್ನೊಂದು ಮಾವ ಕದ್ದು ಹಾಕ್ತಾರ.
ನಾಳೆ ಶುಗರ್ ಬಂದ್ರ ಯಾರು ನೋಡಬೇಕು?
ಜಡಿ ಎಡಕಿಂದ ಶುರು ಮಾಡಬೇಕು.
ರಾತ್ರಿ ಕೈ ಹಿಡಕೊಂಡ್ರ ಬಿಡಿಸ್ಕೋಬಾರದು.
ತಾನೇ ಬಿಡ್ತಾಳ.’