ಇಂಬು

ಅವರು ಕಳಿಸಿದ ಕಾಗದದಲ್ಲಿ ನಾಲ್ಕು ಚಿತ್ರ:
ಗೋಧಿ, ಆಕಾಶ, ಮತ್ತೆ ಗೋಧಿ,
ಐಸ್ ಹಾಕಿ ಕೋಲು ಹಿಡಿದ ಹಲ್ಲುಬಿದ್ದ ಹುಡುಗ.
ಕೆಳಗೊಂದು ಸಾಲು: ಕೆಲ್‌ಬ್ರುಕ್‌ನಲ್ಲಿ ಜಾಗವಿದೆ.

ಇದನ್ನು ತಿಗ್ರಿನ್ಯಕ್ಕೆ ತರಬೇಕಾದವನು ನಾನು,
ಟೊರಾಂಟೋದ ಹತ್ತೊಂಬತ್ತನೆಯ ಮಹಡಿಯಲ್ಲಿ ಕೂತು,
ಪದಕ್ಕೆ ಇಪ್ಪತ್ತು ಸೆಂಟಿನಂತೆ.
ಜಾಗ. ಎಷ್ಟು ಚಿಕ್ಕ ಮಾತು.
ತಾವು ಎನ್ನಲೆ, ಎಡೆ ಎನ್ನಲೆ, ಇಂಬು ಎನ್ನಲೆ?
ಖಾಲಿ ಬಿದ್ದಿದೆ ಎಂದರೂ ಅದೇ,
ಬನ್ನಿ, ಸರಿದು ಕೂರುತ್ತೇವೆ ಎಂದರೂ ಅದೇ.
ಬರೆದವರಿಗೇ ಗೊತ್ತಿರಲಿಕ್ಕಿಲ್ಲ.

ಗುರುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಸಭೆ.
ಮೇಯರ್ ಒಲೆಕ್ಸಿನ್ ಮೂರು ದಿನ ಕಾರು ಓಡಿಸಿಕೊಂಡು ಬಂದಿದ್ದ,
ವಿಮಾನಕ್ಕೆ ಹೆದರುವ ಆಸಾಮಿ,
ಟೈ ಕಟ್ಟಿ ಅಭ್ಯಾಸವಿಲ್ಲದ ಕೆಂಪು ಕುತ್ತಿಗೆ.
ಶಾಲೆಯಲ್ಲಿ ಉಳಿದವರು ಹದಿನೇಳು ಮಕ್ಕಳು, ಎಂದ.
ಇಪ್ಪತ್ತಾಗದಿದ್ದರೆ ಜೂನಿನಲ್ಲಿ ಬೀಗ.
ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರಿದ್ದಾರೆ,
ಎತ್ತಿ ಕೂರಿಸುವ ಕೈಗಳಿಲ್ಲ.
ಬಾಡಿಗೆ ಇಷ್ಟೇ ಎಂದು ಬೆರಳು ಬಿಡಿಸಿದ.
ಎಲ್ಲ ಅನುವಾದಿಸಿದೆ. ಬೆರಳುಗಳನ್ನೂ.

ಹಿಂದಿನ ಸಾಲಿನಿಂದ ಲೆತೆಬ್ರಹಾನ್ ಎದ್ದಳು.
ಕಸ್ಸಲಾ ಬಳಿಯ ಡೇರೆಯಲ್ಲಿ ಆರು ವರ್ಷ,
ಮೂರು ಮಕ್ಕಳು, ಕಿರಿಯದು ಹೆಗಲ ಮೇಲೆ ನಿದ್ದೆ.
ಅಲ್ಲಿ ಬಸ್ಸು ಎಷ್ಟು ಹೊತ್ತಿಗೊಂದು?
ವಾರಕ್ಕೆ ಎರಡು.
ನಮ್ಮ ಮಾತಿನವರು?
ಇಲ್ಲ.
ಸತ್ತರೆ ಯಾರು ಹೂಳುತ್ತಾರೆ?
ಇದನ್ನು ನಾನು ತುಸು ಮೆತ್ತಗೆ ಮಾಡಿ ಕೇಳಬಹುದಿತ್ತು.
ಮಾಡಲಿಲ್ಲ.

ಒಲೆಕ್ಸಿನ್ ನೆಲ ನೋಡಿದ.
ಆಮೇಲೆ: ಗುಂಡಿ ತೋಡುವವನು ನಾನೇ.
ಜನವರಿಯಲ್ಲಿ ಮಣ್ಣು ಕಬ್ಬಿಣ. ಹಿಂದಿನ ರಾತ್ರಿಯೇ
ಇದ್ದಿಲು ಉರಿಸಿ ಮೆದು ಮಾಡಿಕೊಳ್ಳುತ್ತೇನೆ.
ನನ್ನ ಮುತ್ತಾತನಿಗೂ ಹಾಗೇ ಯಾರೋ ಮಾಡಿದ್ದರು.
ಅವನ ಕಲ್ಲಿನ ಮೇಲಿನ ಅಕ್ಷರ
ಈಗ ಊರಲ್ಲಿ ಯಾರಿಗೂ ಓದಲು ಬಾರದು.

ಅವಳು ಕಾಗದ ಮಡಿಸಿ ನಾಲ್ಕು ಪದರ ಮಾಡಿ
ಶಾಲಿನ ತುದಿಗೆ ಗಂಟು ಹಾಕಿದಳು.

ನಾನು ಆಡದೆ ನುಂಗಿದ್ದು ಇಷ್ಟು:
ಅಮ್ಮಾ, ದೂರದೂರಿಗೆ ಹೋಗಿ ಎನ್ನುವುದಕ್ಕೂ
ದೂರ ಹೋಗಿ ಎನ್ನುವುದಕ್ಕೂ
ನಡುವೆ ಇರುವುದು ಒಂದು ಊರು.
ಅದು ಇದೆಯೋ ಇಲ್ಲವೋ
ಹೋದ ಮೇಲೇ ಗೊತ್ತಾಗಬೇಕು.
ಇಲ್ಲಿಯಾದರೂ ಏನು,
ಒಂದೇ ಹಾಸಿಗೆಯಲ್ಲಿ ಇಬ್ಬರು, ಪಾಳಿಯ ಮೇಲೆ ನಿದ್ದೆ.
ಆದರೆ ಭಾನುವಾರ ಕಾಫಿ ಹುರಿದ ಹೊಗೆಗೆ
ಮೂರು ಮಹಡಿಯ ಬಾಗಿಲು ತೆರೆಯುತ್ತವೆ.

ಮೊದಲ ಚಳಿಗಾಲ ದಿನಕ್ಕೊಂದು ಕರೆ.
ಫೋನಿನ ನಡುವೆ ನಾನು, ಅತ್ತ ನರ್ಸು, ಇತ್ತ ಅವಳು.
ಮೆರ್ಹಾವಿಗೆ ಕಿವಿನೋವು.
ನೆಲಮನೆಯ ಫರ್ನೇಸು ರಾತ್ರಿ ಯಾರೋ ಕೆಮ್ಮಿದಂತೆ ಕೆಮ್ಮುತ್ತದೆ.
ಇಂಜೆರಾ ಹಿಟ್ಟು ಹುದುಗು ಬರುತ್ತಿಲ್ಲ.
ಪಕ್ಕದ ಮನೆಯ ಮುದುಕಿ ಅಂದಳಂತೆ,
ಆ ಕೆಮ್ಮುವುದರ ಪಕ್ಕದಲ್ಲೇ ಇಡು.
ಹುದುಗು ಬಂತು.

ಜೊತೆಗೆ ಹೋದ ಫಿಸ್ಸೆಹಾಯೆಯ ಸಂಸಾರ
ಫೆಬ್ರವರಿಯಲ್ಲೇ ವಾಪಸಾಯಿತು.
ಸದ್ದಿಲ್ಲದಿರುವುದೂ ಕಿವಿಗೆ ಬಡಿಯುತ್ತದೆ ಕಣೋ, ಎಂದ.
ಈಗ ಟ್ಯಾಕ್ಸಿ ಓಡಿಸುತ್ತಾನೆ, ಹಾರ್ನು ಕೇಳಿದರೆ ನಗುತ್ತಾನೆ.
ಅವನನ್ನು ನಾನು ದೂರಲಾರೆ.

ಮಾರ್ಚಿನಲ್ಲಿ ವಾರಕ್ಕೊಂದು ಕರೆ. ಮೇ ತಿಂಗಳಲ್ಲಿ ಎರಡೇ.
ಬೇಸಿಗೆಯಿಡೀ ಒಂದೂ ಇಲ್ಲ.
ಒಳ್ಳೆಯದೇ ಇರಬೇಕು ಎಂದುಕೊಂಡೆ,
ನನ್ನ ಸಂಪಾದನೆಗಲ್ಲ.

ಅಕ್ಟೋಬರ್, ನಡುರಾತ್ರಿ, ಅವಳೇ:
ನಿನಗೆ ಉಕ್ರೇನಿಯನ್ ಬರುತ್ತದೇನು?
ಇಲ್ಲವಲ್ಲ.
ಇಲ್ಲೊಬ್ಬ ಅಜ್ಜ, ತೊಂಬತ್ತನಾಲ್ಕು,
ಇಂಗ್ಲಿಷೆಲ್ಲ ಸೋರಿಹೋಗಿ ತಾಯಿಯ ಮಾತೊಂದೇ ಉಳಿದಿದೆ,
ನನ್ನ ಮಣಿಕಟ್ಟು ಹಿಡಿದು ಅದನ್ನೇ ಅದನ್ನೇ ಕೇಳುತ್ತಾನೆ.
ಕೇಳಿಸಿಕೋ.

ಫೋನಿನಲ್ಲಿ ಉಸಿರು. ಒಂದು ಮಾತು, ಕೊನೆಯಲ್ಲಿ ತುಸು ಮೇಲೇರುವುದು.
ಪ್ರಶ್ನೆ ಎನ್ನುವುದಷ್ಟು ತಿಳಿಯಿತು.

ಗೊತ್ತಾಗಲಿಲ್ಲ, ಎಂದೆ.
ಇರಲಿ ಬಿಡು, ಎಂದಳು,
ಹೂಂ ಅಂತೀನಿ.
ಅಂದದ್ದು ಕೇಳಿಸಿತು, ಮೂರು ಸಲ.

ಬೆಳಿಗ್ಗೆ ಬಿಲ್ಲು ಬರೆದೆ: ನಾಲ್ಕು ನಿಮಿಷ.
ಯಾವ ಭಾಷೆಯಿಂದ, ಯಾವ ಭಾಷೆಗೆ
ಎಂಬಲ್ಲಿ ಪೆನ್ನು ನಿಂತಿತು.
ಹಾಗೇ ಬಿಟ್ಟೆ.