ನಮ್ಮದಲ್ಲದ ಪುಸ್ತಕಗಳು

ನವೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗಿದರೆ
ಮತ್ತೆ ಹುಟ್ಟುವುದು ಜನವರಿ ನಡುವೆ.
ಆ ಕತ್ತಲಿಗೆ ಕಾಮೋಸ್ ಅಂತ ಹೆಸರು.
ಹೆಸರಿಟ್ಟರೆ ಸಲುಗೆ ಬರುತ್ತದೆ ಅಂದುಕೊಂಡಿದ್ದಾರೆ ಜನ.

ನಾನು ಇರ್ಮೆಲಿ. ಲೈಬ್ರರಿ ಬಸ್ಸು ಓಡಿಸುತ್ತೇನೆ
ಫಿನ್ಲೆಂಡಿನ ನೆತ್ತಿಯ ಮೇಲೆ, ಇಪ್ಪತ್ತೊಂದು ವರ್ಷದಿಂದ.
ಮೂರು ಸಾವಿರ ಪುಸ್ತಕ, ಒಂದು ಹೀಟರು,
ದಾರಿಗಡ್ಡ ನಿಂತು ಮುಖ ನೋಡುವ ಹಿಮಸಾರಂಗಗಳು.
ಹಾರ್ನಿಗೆ ಜಗ್ಗುವುದಿಲ್ಲ ಅವು. ಕಾಯಬೇಕು.

ಮಂಗಳವಾರ ನಾಲ್ಕೂವರೆಗೆ ಪೆಟ್ರೋಲ್ ಬಂಕಿನ ನಿಲ್ದಾಣ.
ಅಲ್ಲಿ ಹತ್ತುತ್ತಾನೆ ನೀಲಾಸ್, ಹದಿನೇಳರ ಹುಡುಗ.
ಎಂಜಿನ್ ರಿಪೇರಿಯ ಪುಸ್ತಕ ಒಯ್ದು
ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು ಒತ್ತಿ ತರುತ್ತಿದ್ದವನು
ಅಕ್ಟೋಬರಿನಿಂದ ಒಂದನ್ನೂ ಮುಟ್ಟಲಿಲ್ಲ.
ಹೀಟರಿನ ಹತ್ತಿರ ಕೂತು, ಕೈ ಕಾಸಿ, ಇಳಿದುಹೋಗುತ್ತಿದ್ದ.
ಚಳಿ, ಅಂದುಕೊಂಡೆ. ವಯಸ್ಸು, ಅಂದುಕೊಂಡೆ.
ಅಂದುಕೊಳ್ಳುವುದಕ್ಕೇನು, ದುಡ್ಡು ಕೊಡಬೇಕೇ?

ಡಿಸೆಂಬರಿನ ಎರಡನೇ ಮಂಗಳವಾರ ಒಂದು ಚೀಲ ತಂದ.
ಗರಿಯಲ್ಲಿ ಗಾಳ ಕಟ್ಟುವುದನ್ನು ಕಲಿಸುವ ಪುಸ್ತಕ,
ನಕ್ಷತ್ರಗಳದ್ದೊಂದು, ಬೆನ್ನು ಹರಿದದ್ದು.
ಯಂತ್ರಕ್ಕೆ ಹಿಡಿದೆ. ಪೀಂ ಅನ್ನಲಿಲ್ಲ.
"ಇವು ನಮ್ಮವಲ್ಲ, ನೀಲಾಸ್."
"ಗೊತ್ತು. ನನ್ನವು. ಇಟ್ಟುಕೊಳ್ಳಿ,
ನನಗಿನ್ನು ಬೇಡ."

ನನಗೆ ಹನ್ನೆರಡು ವರ್ಷ ಆಗ.
ಅಣ್ಣ ಆಂತೆರೊ ತನ್ನ ಹೊಚ್ಚ ಹೊಸ ಸ್ಕೀ ಹಲಗೆಗಳನ್ನು
ನನ್ನ ಬಾಗಿಲಿಗೆ ಒರಗಿಸಿ "ನಿನಗೇ" ಅಂದ.
ನಾನು ಥ್ಯಾಂಕ್ಸ್ ಅಂದೆ.
ನಲವತ್ತಾರು ವರ್ಷದಿಂದ ಆ ಥ್ಯಾಂಕ್ಸ್
ಗಂಟಲಲ್ಲಿ ಮೀನಿನ ಮುಳ್ಳು.

ಸುತ್ತಿ ಬಳಸುವ ಮಾತು ಹತ್ತಿದ್ದವು.
ಎಲ್ಲ ಬಿಟ್ಟು ಕೇಳಿದೆ:
"ಸಾಯಬೇಕು ಅನಿಸುತ್ತಿದೆಯಾ?"

ಹೀಟರು ಗುರುಗುಟ್ಟಿತು.
ಅವನ ಬೂಟಿನ ಮಂಜು ಕರಗಿ
ಅಡುಗೆ ಪುಸ್ತಕಗಳ ಕಪಾಟಿನವರೆಗೆ ಹರಿಯಿತು.
ಸಾರಂಗ ದಾರಿ ಬಿಡಲೆಂದು ಕಾಯುವ ಹಾಗೆ ಕಾದೆ.
"ಹೂಂ," ಅಂದ.
ಆಮೇಲೆ, "ಅಮ್ಮನಿಗೆ ಹೇಳಬೇಡಿ."
"ಹೇಳಲೇಬೇಕು ಕಣೋ. ಆದರೆ ನೀನು ಪಕ್ಕದಲ್ಲಿರುವಾಗ."

ಅರವತ್ತಮೂರು ಕಿಲೋಮೀಟರು ಆರೋಗ್ಯ ಕೇಂದ್ರ.
ನರ್ಸ್ ಸೈಲಾಗೆ ಫೋನು ಮಾಡಿದೆ:
ಬಾಗಿಲು ಹಾಕಬೇಡ, ನಾವಿಬ್ಬರು ಬರುತ್ತಿದ್ದೇವೆ.
ತಿರುವಿನಲ್ಲಿ ಚೀಲ ಹಿಡಿದು ನಿಂತಿದ್ದಳು ಮುದುಕಿ ಹಿಲ್ಕಾ,
ಕೊಲೆ ಕಾದಂಬರಿಗಳ ಭಕ್ತೆ. ನಿಲ್ಲಿಸಲಿಲ್ಲ.
ಮರುವಾರ ಸಿಕ್ಕು ಬೈದಳು. ಕಾರಣ ಹೇಳಲಿಲ್ಲ ನಾನು,
ಎರಡು ಕೊಲೆ ಹೆಚ್ಚಿಗೆ ಕೊಟ್ಟೆ.
ದಾರಿಯುದ್ದ ಅವನು ಮಾತಾಡಿದ್ದು ಒಂದೇ ಮಾತು:
"ನಿಮ್ಮ ಎಡಗಡೆಯ ಬೇರಿಂಗ್ ಹೋಗಿದೆ, ಕೇಳಿಸ್ತಿಲ್ವಾ?"

ಆಮೇಲೆ ಎಲ್ಲ ಸರಿಹೋಯಿತು ಅನ್ನಲಾರೆ.
ಆ ರಾತ್ರಿ ಸೈಲಾ ಅವನನ್ನು ಅಲ್ಲೇ ಉಳಿಸಿಕೊಂಡಳು.
ಊರ ಡಾಕ್ಟರ ಸರದಿ ಉದ್ದವಿತ್ತು, ಮಾತ್ರೆಗೆ ಬರೀ ನಿದ್ದೆ.
ಒಂದು ನಡುರಾತ್ರಿ ಅವನಮ್ಮ ಕರೆದಾಗ
ರಾತ್ರಿಯುಡುಪಿನ ಮೇಲೇ ಕೋಟು ಹಾಕಿಕೊಂಡು ಹೋದೆ.
ಅಡುಗೆಮನೆಯಲ್ಲಿ ಮೂವರೂ ಬೆಳಗಾಗುವವರೆಗೆ ಕಾಫಿ.
ಬೆಳಗು ಅಂದರೆ ಗಡಿಯಾರದಲ್ಲಿ ಮಾತ್ರ.

ಸೂರ್ಯ ಬಂದದ್ದು ಜನವರಿಯ ಒಂದು ಮಧ್ಯಾಹ್ನ,
ಸಾಲ ತೀರಿಸಲು ಬಂದವನಂತೆ, ಬೆಟ್ಟದಾಚೆ ಹಣೆ ತೋರಿಸಿ ಹೋದ.

ಮಾರ್ಚಿನಲ್ಲಿ ನೀಲಾಸ್ ಬಸ್ಸು ಹತ್ತಿದ.
"ಗಾಳದ ಪುಸ್ತಕ ನಂದು. ವಾಪಸ್ ಬೇಕು."
ಸೀಟಿನ ಕೆಳಗೇ ಇತ್ತು, ಮುದ್ರೆ ಒತ್ತಿರಲಿಲ್ಲ.
"ನಕ್ಷತ್ರದ್ದು ನೀವೇ ಇಟ್ಟುಕೊಳ್ಳಿ," ಅಂದ.
ನನ್ನ ಮುಖ ನೋಡಿ ನಕ್ಕುಬಿಟ್ಟ.
ನಗಲಿ. ನಾಚಿಕೆ ಬಿಟ್ಟು ಮತ್ತೆ ಕೇಳಿದೆ, ಅದೇ ಪ್ರಶ್ನೆ.

"ಇವತ್ತು ಇಲ್ಲ," ಅಂದ.

ಮುಂದಿನ ಮಂಗಳವಾರವೂ ಕೇಳುತ್ತೇನೆ.
ಬೇರಿಂಗ್ ಇನ್ನೂ ಹಾಕಿಸಿಲ್ಲ.